ಮೇಷ್ಟ್ರು ಓದಲು ಹೇಳಿದ ಪುಸ್ತಕ

ಗೆಳೆಯರೇ, ಈ ಸಿಟ್ಟನ್ನು ಇಲ್ಲಿ ಹೇಳಿಕೊಳ್ಳದಿದ್ದರೆ ನನಗೆ ಊಟ ಸೇರುವುದಿಲ್ಲ.

ಕುಣಿಗಲ್ ಕಡೆಯ ಕೆರೆಗಳ ಬಗ್ಗೆ ನಾನು ಬರೆದ ಎಂ.ಎ. ಪ್ರಬಂಧವನ್ನು ನಮ್ಮ ಮೇಷ್ಟ್ರು ಹೋದ ವಾರ ಎಲ್ಲರೆದುರು ವಾಪಸ್ ಕೊಟ್ಟರು. ಒಂದು ಮುಖ್ಯ ಪುಸ್ತಕವನ್ನೇ ನಾನು ಓದಿಲ್ಲವಂತೆ. “ಮೊಬೈಲ್ ಉಜ್ಜೋದಲ್ಲಮ್ಮ, ಲೈಬ್ರರೀಲಿ ಕೂತು ಹುಡ್ಕೋದ್ ಕಲಿ” ಎಂದರು.

ಮೂರು ದಿನ ಗುಬ್ಬಿಯಿಂದ ಬೆಳಗಿನ ಬಸ್ಸಿಗೇ ಬಂದು ಹುಡುಕಿದೆ. ಕಂಪ್ಯೂಟರಿನಲ್ಲಿ ‘ಲಭ್ಯವಿದೆ’ ಎಂದಿತ್ತು, ಕಪಾಟಿನಲ್ಲಿ ಇರಲಿಲ್ಲ. ಇವತ್ತು ಲೈಬ್ರರಿಯ ಅಕ್ಕ ಕನಿಕರಪಟ್ಟು ಹಳೆಯ ರಿಜಿಸ್ಟರ್ ತಿರುವಿ ನೋಡಿದರು.

“ನಿಮ್ ಮೇಷ್ಟ್ರೇ ತಗೊಂಡೋಗವ್ರೆ ಕಣಮ್ಮ. ಏಳು ವರ್ಷ ಆಯ್ತು.”

ನೇರ ಸ್ಟಾಫ್ ರೂಮಿಗೆ ಹೋದೆ. ಕೇಳಿಯೇಬಿಟ್ಟೆ. “ಸಾರ್, ಆ ಪುಸ್ತಕ ನಿಮ್ ಹತ್ರಾನೇ ಇದ್ಯಂತೆ.”

ಅವರು ಟೀ ಲೋಟ ಕೆಳಗಿಡಲೂ ಇಲ್ಲ. “ಓ, ಅದಾ? ಮರಳೂರಿನ ಮನೇಲಿ ಎಲ್ಲೋ ಇರ್ಬೇಕು. ನೋಡ್ದ್ಯಾ, ಹುಡುಕಿದ್ರೆ ಸಿಗುತ್ತೆ ಅಂತ ನಾನ್ ಹೇಳ್ಲಿಲ್ವಾ?”

ಸೋಮವಾರ ಪ್ರಬಂಧ ಮತ್ತೆ ಕೊಡಬೇಕು. ಆಧಾರಗ್ರಂಥಗಳ ಪಟ್ಟಿಯಲ್ಲಿ ಈ ಪುಸ್ತಕದ ಮುಂದೆ ‘ದೊರೆಯುವ ಸ್ಥಳ: ಮೇಷ್ಟ್ರ ಮನೆ’ ಎಂದೇ ಬರೆಯುತ್ತೇನೆ. ಅಂಕ ಕತ್ತರಿಸಿದರೆ ಕತ್ತರಿಸಲಿ.