ಅತ್ತೆಗೊಂದು ಅನುವಾದ

ಕುರ್‌ಆನಿನ ಅನುವಾದ ಮಾಡಿಕೊಡಿ ಎಂದು ಯಾರೇ ಬರಲಿ, ಈ ಮೇಡಂ ಮೊದಲು ಕೇಳುವುದು ಎರಡೇ ಪ್ರಶ್ನೆ: ಯಾರಿಗೆ, ಯಾತಕ್ಕೆ? ಕಾಲೇಜಿನ ಹುಡುಗರಿಗಾದರೆ ಅರ್ಧ ಪುಟ ಅಡಿಟಿಪ್ಪಣಿ. ಮಕ್ಕಳಿಗಾದರೆ ಒಂದೇ ಉಸಿರಿಗೆ ಮುಗಿಯುವ ಸಾಲು. ಆಸ್ಪತ್ರೆಯ ಹಾಸಿಗೆಯ ಪಕ್ಕ ಕೂತು ಓದುವುದಕ್ಕಾದರೆ ಟಿಪ್ಪಣಿಯೂ ಇಲ್ಲ, ಕಂಸವೂ ಇಲ್ಲ. ಮೂಲ ಒಂದೇ ಇರುವಾಗ ಅನುವಾದ ಮೂರು ಯಾಕಪ್ಪಾ ಎಂದು ಪ್ರೆಸ್ಸಿನವನು ತಲೆ ಚಚ್ಚಿಕೊಂಡು ಆಕೆಗೆ 'ಯಾರಿಗಮ್ಮ' ಎಂದು ಹೆಸರಿಟ್ಟಿದ್ದಾನೆ. ಅದು ಆಕೆಗೂ ಗೊತ್ತು, ಒಳಗೊಳಗೇ ಖುಷಿಯೂ ಇದೆ.

ಇಂಥ ಯಾರಿಗಮ್ಮ ಮನೆಯಲ್ಲೇ ಎಡವಿದಳು. ಎಪ್ಪತ್ತು ದಾಟಿದ ಅತ್ತೆ ಒಂದು ಬೆಳಿಗ್ಗೆ, "ದಿನಾ ಓದ್ತೀನಲ್ಲ ಆ ಚಿಕ್ಕ ಅಧ್ಯಾಯ, ಅದ್ರಲ್ಲಿ ಏನಿದೆ ಅಂತ ನಂಗೂ ಬರ್ಕೊಡೇ" ಎಂದರು. ಅವರಿಗೆ ಅರಬ್ಬಿ ಅಕ್ಷರ ಕೂಡಿಸಿ ಓದಲು ಬರುತ್ತಿತ್ತೇ ಹೊರತು ಅರ್ಥ ಗೊತ್ತಿರಲಿಲ್ಲ. ಸೊಸೆ ಕಾಲೇಜಿಗೆಂದು ಮಾಡಿದ್ದನ್ನೇ ತಂದು ಓದಿದಳು. ಎರಡನೇ ಟಿಪ್ಪಣಿಗೇ ಅತ್ತೆ ಆಕಳಿಸಿದರು.

"ಔಷಧಿ ಡಬ್ಬಿಯೊಳಗಿನ ಚೀಟಿ ಓದ್ದಂಗಿದೆ ಕಣೇ."

ಊರಿಗೆಲ್ಲ ಕೇಳುವ ಪ್ರಶ್ನೆಯನ್ನು ಆಕೆ ಮನೆಯಲ್ಲಿ ಕೇಳಿರಲೇ ಇಲ್ಲ. "ನಿಮಗೆ ಯಾತಕ್ಕೆ ಬೇಕು ಅತ್ತೆ?"

"ಅರವತ್ತು ವರ್ಷದಿಂದ ದೇವರ ಮುಂದೆ ಏನು ಹೇಳ್ತಿದೀನಿ ಅಂತ ಗೊತ್ತಾಗ್ಬೇಡ್ವೇನೇ?"

ಸೊಸೆಗೆ ದಿಗಿಲಾಯಿತು. ಅರ್ಥ ತಿಳಿದ ಮೇಲೆ ಓದು ಸಪ್ಪೆಯಾಗಿಬಿಟ್ಟರೆ? ಅಷ್ಟು ವರ್ಷಗಳ ಸುಖವನ್ನು ತಾನೇ ಕೈಯಾರೆ ಕೆಡಿಸಿದಂತೆ. ಹನ್ನೊಂದು ಸಾಲಿಗೆ ಎಂಟು ದಿನ ಹಿಡಿಯಿತು. ಬರೆಯುವುದು, ಗಟ್ಟಿಯಾಗಿ ಓದುವುದು, ಅತ್ತೆಯ ಬಾಯಲ್ಲಿ ಬರದ ಪದ ಕಂಡರೆ ಹೊಡೆದುಹಾಕುವುದು.

ಒಂಬತ್ತನೇ ದಿನ, ಅತ್ತೆ ಒಗೆದ ಬಟ್ಟೆ ಮಡಚುತ್ತಿದ್ದಾಗ ಓದಿದಳು. ದೇವರು ಕೈಬಿಟ್ಟಿಲ್ಲ ಎಂಬ ಮಾತಿಗೆ ಅತ್ತೆ ತಲೆದೂಗಿದರು. ಅನಾಥನಿಗೆ ಆಸರೆ ಕೊಟ್ಟದ್ದನ್ನು ನೆನಪಿಸುವ ಮಾತು ಬಂದಾಗ ಅವರ ಕೈ ನಿಂತಿತು. ಏಳನೇ ವಯಸ್ಸಿಗೆ ಅಪ್ಪ ಅಮ್ಮ ಇಬ್ಬರನ್ನೂ ಕಳೆದುಕೊಂಡು ಚಿಕ್ಕಪ್ಪನ ಮನೆಯಲ್ಲಿ ಬೆಳೆದವರು ಅವರು.

"ಇದು ಅದ್ರಲ್ಲೇ ಇತ್ತಾ?"

"ಇತ್ತು ಅತ್ತೆ. ಆದ್ರೆ ಅದು ಪ್ರವಾದಿಗಳಿಗೆ ಹೇಳಿದ್ದು." ಟಿಪ್ಪಣಿ ಕೈಬಿಟ್ಟಿದ್ದರೂ ಅಷ್ಟನ್ನು ಮುಚ್ಚಿಡಲು ಆಕೆಗೆ ಮನಸ್ಸಾಗಲಿಲ್ಲ.

"ಅಷ್ಟು ನಂಗೂ ಗೊತ್ತಾಯ್ತು ಬಿಡೇ. ನಮ್ಮ ಚಿಕ್ಕಪ್ಪ ಮಸೀದೀಲಿ ಪಾಠ ಹೇಳ್ತಿದ್ರು. ಅವ್ರಿಗೆ ಇದರ ಅರ್ಥ ಗೊತ್ತಿತ್ತು ಅಂತೀಯಾ?"

"ಗೊತ್ತಿದ್ದೇ ಇರುತ್ತೆ. ಯಾಕೆ?"

"ಅವ್ರ ಮನೆಗೆ ಹೋದ ಮಾರನೇ ದಿನ ನಂಗೆ ಕಲಿಸಿದ್ದು ಇದನ್ನೇ." ಅತ್ತೆಯ ಕಣ್ಣು ತುಂಬಿ ಬಂತು. "ಒಂದು ದಿನಾನೂ ತಲೆ ಸವರಲಿಲ್ಲ, ಕಲ್ಲು ಮನಸ್ಸಿನ ಮನುಷ್ಯ ಅಂತ ಇಷ್ಟು ವರ್ಷ ಬೈಕೊಂಡೇ ಇದ್ದೆ ಕಣೇ."