ತಂಗಡಗಿಗೆ ಕ್ಯಾಮೆರಾ ಒಯ್ದದ್ದು

ಇಂಡಿಯಿಂದ ಸಿಂದಗಿಗೆ ಹೋಗುವ ಬೆಳಗಿನ ಆರೂವರೆಯ ಬಸ್ಸಿನಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಕ್ಯಾಮೆರಾಕ್ಕೆ ಹಳೆಯ ಟವೆಲ್ಲು ಸುತ್ತಿ ಚೀಲದಲ್ಲಿಟ್ಟು, ಚೀಲವನ್ನು ಮಡಿಲಲ್ಲೇ ಇಟ್ಟುಕೊಂಡೆ. ನಮ್ಮ ಯಜಮಾನರು ಕಾಲೇಜಿನಲ್ಲಿ ಪಾಠ ಹೇಳುವವರು. ರವಿವಾರ ಬಂತೆಂದರೆ ಆಲಮೇಲದ ಕಡೆ ಭೀಮಾ ದಂಡೆಗೆ ಹೋಗಿ ಹಕ್ಕಿಗಳ ಫೋಟೊ ತೆಗೆಯುವುದು ಅವರ ಹುಚ್ಚು. ರೀಲಿನ ಕ್ಯಾಮೆರಾ ಬಿಟ್ಟು ಹಿಂದಿನ ವರ್ಷವಷ್ಟೇ ಈ ಡಿಜಿಟಲ್ ಎಸ್‌ಎಲ್‌ಆರ್ ತಂದಿದ್ದರು. ಅದರ ಜೊತೆ ಬಂದ ದಪ್ಪನೆಯ ಇಂಗ್ಲಿಷ್ ಪುಸ್ತಕವನ್ನು, ಕಾನ್ವೆಂಟಿನಲ್ಲಿ ಓದಿದವಳೆಂದು, ಮಧ್ಯಾಹ್ನದ ಹೊತ್ತು ಓದಿ ಅರ್ಥ ಹೇಳಿದವಳು ನಾನು. ಹಾಗೆಯೇ ನಾನೂ ಕಲಿತೆ.

ಪರೀಕ್ಷೆಯ ಕೆಲಸ ಬಿಟ್ಟು ಅವರು ಬರುವಂತಿರಲಿಲ್ಲ. “ಬಿಸಿಲಿಗೆ ಇಡಬ್ಯಾಡ, ಸುಮ್ಮಸುಮ್ಮನ ಕಾರ್ಡು ತೆಗೀಬ್ಯಾಡ” ಎಂದು ಕಿಟಕಿಯ ಕೆಳಗೆ ನಿಂತು ಹೇಳುತ್ತಲೇ ಇದ್ದರು.

“ನಿಮಗ ಕಲಿಸಿದಾಕಿ ನಾನ ಅಲ್ಲೇನ್ರಿ?” ಎಂದೆ.

ಕರೆಸಿದವಳು ಚಿಗವ್ವ, ನನ್ನ ತಾಯಿಯ ತಂಗಿ. ಮುದ್ದೇಬಿಹಾಳದ ಆಚೆ, ಕೃಷ್ಣೆಯ ದಂಡೆಯ ತಂಗಡಗಿಯಲ್ಲಿ ಅವಳ ಮನೆ. ದೊಡ್ಡ ಕ್ಯಾಮೆರಾ ತಗೊಂಡು ಒಮ್ಮೆ ಬಾ ಎಂದಷ್ಟೇ ಫೋನಿನಲ್ಲಿ ಹೇಳಿದ್ದಳು. ವಯಸ್ಸಾಯಿತು, ತನ್ನದೊಂದು ಫೋಟೊ ಬೇಕಿರಬೇಕು ಎಂದುಕೊಂಡಿದ್ದೆ.

ಸಿಂದಗಿಗೆ ಇಪ್ಪತ್ನಾಲ್ಕು ರೂಪಾಯಿ. ಅಲ್ಲಿ ಸುಸ್ಲಾ, ಮಿರ್ಚಿ ತಿಂದು ಬಸವನ ಬಾಗೇವಾಡಿಯ ಬಸ್ಸು ಹತ್ತಿದೆ. ಹೊಲಗಳಲ್ಲಿ ಜೋಳ ಕಿತ್ತು ಸಾಲಾಗಿ ಮಲಗಿಸಿದ್ದರು. ಪಕ್ಕದಲ್ಲಿ ಕೂತ ಮುದುಕಿ ನನ್ನ ಮಡಿಲು ನೋಡಿ, “ಏನದು, ಕೂಸಿನ್ಹಂಗ ಅಪ್ಪಿಕೊಂಡಿ?” ಎಂದು ಕೇಳಿದಳು.

“ಕ್ಯಾಮೆರಾ ರೀ ಆಯಿ.”

“ಹಂಗಾರ ನಂದೊಂದು ತಗಿಯವ್ವ. ಹಲ್ಲು ಮಾತ್ರ ಬರಬಾರದು ನೋಡು.” ಬಾಯಿ ತುಂಬ ನಕ್ಕಳು. ಒಂದು ಹಲ್ಲೂ ಇರಲಿಲ್ಲ.

ಬಾಗೇವಾಡಿಯಲ್ಲಿ ಮುಕ್ಕಾಲು ತಾಸು ಕಾದೆ. ಮುದ್ದೇಬಿಹಾಳ ಮುಟ್ಟಿದಾಗ ಹನ್ನೆರಡೂವರೆ. ಅಲ್ಲಿಂದ ಮೂರು ಗಾಲಿಯ ಟಂಟಂ ಹಿಡಿದು ತಂಗಡಗಿ ಸೇರುವಷ್ಟರಲ್ಲಿ ಬಿಸಿಲಿಗೆ ತಲೆ ಸಿಡಿಯುತ್ತಿತ್ತು.

ಚಿಗವ್ವ ಕಾಲಿಗೆ ನೀರು ಕೊಟ್ಟಳು. ರೊಟ್ಟಿ, ಹೆಸರುಕಾಳಿನ ಪಲ್ಯ, ಶೇಂಗಾ ಹಿಂಡಿ ಬಡಿಸಿದಳು. ಅವಳು ಒಂದು ಗೋಡೆಗೆ ಬೆನ್ನು ಮಾಡಿಯೇ ಕೂಡುತ್ತಿದ್ದಳು. ಆ ಗೋಡೆಯ ಮೇಲೆ ಚೌಕಟ್ಟಿನೊಳಗೆ ಗಿರಿಜಾ ಇದ್ದಳು.

ಗಿರಿಜಾ ಚಿಗವ್ವನ ಒಬ್ಬಳೇ ಮಗಳು. ಹದಿನಾಲ್ಕು ವರ್ಷದ ಹಿಂದೆ, ಇಪ್ಪತ್ತೆರಡಕ್ಕೆ, ಕಾಮಾಲೆಯಾಗಿ ತೀರಿಕೊಂಡಳು. ಬದುಕಿದ್ದಾಗ ಅವಳ ಒಂದು ಫೋಟೊವೂ ಇರಲಿಲ್ಲ. ತೀರಿಕೊಂಡವರನ್ನು ಕೂರಿಸಿ, ವಿಭೂತಿ ಹಚ್ಚಿ, ಹೂ ಹಾಕಿ ಫೋಟೊ ತೆಗೆಸುವುದು ನಮ್ಮಲ್ಲಿ ರೂಢಿ. ಗಿರಿಜಾಳದನ್ನೂ ಹಾಗೆಯೇ ತೆಗೆಸಿದ್ದರು. ಅದರಲ್ಲಿಯ ಮುಖವನ್ನಷ್ಟೇ ದೊಡ್ಡದು ಮಾಡಿ, ಮುಚ್ಚಿದ ರೆಪ್ಪೆಗಳ ಮೇಲೆ ಸ್ಟುಡಿಯೊದವರು ತೆರೆದ ಕಣ್ಣು ಬರೆದು ಕೊಟ್ಟಿದ್ದರು. ಮೂಲ ಫೋಟೊ ಉಳಿದಿರಲಿಲ್ಲ. ಆ ಸ್ಟುಡಿಯೊ ಮುಚ್ಚಿ, ನೆಗೆಟಿವ್ ಕೂಡ ಹೋಗಿತ್ತು.

“ಅವು ಆಕಿ ಕಣ್ಣಲ್ಲ,” ಎಂದಳು ಚಿಗವ್ವ. “ಎಲ್ಲಿ ಕುಂತ್ರೂ ಪೊಲೀಸರ ಹಂಗ ನೋಡ್ತಾವ. ಹದಿನಾಕ ವರ್ಷ ಆತು, ನನಗ ನಿದ್ದಿ ಇಲ್ಲ. ಮುದ್ದೇಬಿಹಾಳದಾಗ ಈಗೊಬ್ಬಾವ ಕಂಪ್ಯೂಟರ್ ಇಟ್ಟಾನ. ಹೋಲುವವರ ಕಣ್ಣು ತರ್ರಿ, ಕೂಡಸ್ತೇನಿ ಅಂದಾನ. ನಿಂದೂ ಆಕೀದೂ ಒಂದ ಮಾರಿ ಅಲ್ಲನು, ವಿಮಲಾ?”

ನಿಜ. ಒಮ್ಮೆ ಗಿರಿಜಾ ಕಾನ್ವೆಂಟಿಗೆ ನನ್ನನ್ನು ನೋಡಲು ಬಂದಾಗ ಸಿಸ್ಟರ್ ಅವಳನ್ನು ನಾನೆಂದೇ ತಿಳಿದು, ಕೈ ಹಿಡಿದೆಳೆದು ಪ್ರಾರ್ಥನೆಯ ಸಾಲಿನಲ್ಲಿ ನಿಲ್ಲಿಸಿದ್ದರು. ಪಾಪ, ಅವಳು ಕೊನೆಯವರೆಗೂ ಕೈ ಮುಗಿದು ನಿಂತಿದ್ದಳು.

ಮೊದಲು ಚೌಕಟ್ಟಿನಿಂದ ಫೋಟೊ ಬಿಡಿಸಿ, ನೆರಳಿನಲ್ಲಿಟ್ಟು, ನೇರಕ್ಕೆ ಒಂದು ತೆಗೆದೆ. ಅದರಲ್ಲಿ ಬೆಳಕು ಎಡಗಡೆಯಿಂದ ಬಿದ್ದಿತ್ತು. ನನಗೂ ಹಾಗೆಯೇ ಬೀಳುವಂತೆ ಬಾಗಿಲ ಬಳಿ ಕೂತು, ಕ್ಯಾಮೆರಾವನ್ನು ಚಿಗವ್ವನ ಕೈಗೆ ಕೊಟ್ಟು ಅದರ ಪಟ್ಟಿಯನ್ನು ಅವಳ ಕೊರಳಿಗೆ ಹಾಕಿದೆ.

“ಎಷ್ಟು ವಜ್ಜಿ ಐತಿ!” ಎಂದಳು.

“ಅರ್ಧ ಒತ್ತು. ಕೀಂ ಅಂದಮ್ಯಾಲೆ ಪೂರಾ ಒತ್ತು,” ಎಂದು ಹೇಳಿಕೊಟ್ಟು ಕಣ್ಣು ಅಗಲಿಸಿ ಕೂತೆ.

“ಮುಚ್ಚು,” ಎಂದಳು.

“ಏನು ಚಿಗವ್ವಾ?”

“ಕಣ್ಣು ಮುಚ್ಚು. ತೆರದದ್ದು ಸಾಕು. ಮಲಕೊಳ್ಳಲಿ ಆಕಿ.”

ಮುಚ್ಚಿದೆ. ಕೀಂ ಎಂದಿತು. ಆಮೇಲೆ ಬಹಳ ಹೊತ್ತು ಏನೂ ಇಲ್ಲ. ಹೊರಗೆ ಯಾರೋ ಎಮ್ಮೆಗಳನ್ನು ಹೊಳೆಗೆ ಹೊಡೆದುಕೊಂಡು ಹೋದರು. ಚಿಗವ್ವನ ಉಸಿರು ಕೇಳುತ್ತಿತ್ತು. ಕಣ್ಣು ತೆರೆಯುವ ಧೈರ್ಯ ನನಗಾಗಲಿಲ್ಲ. ಕೊನೆಗೆ ಶಟರಿನ ಸದ್ದಾಯಿತು. ಮೊದಲ ಮೂರರಲ್ಲಿ ಹಣೆ ಕತ್ತರಿಸಿ ಹೋಗಿತ್ತು. ನಾಲ್ಕನೆಯದು ಸರಿಯಾಗಿ ಬಂತು.

ಮರುದಿನ ಬೆಳಿಗ್ಗೆ ಇಬ್ಬರೂ ಮುದ್ದೇಬಿಹಾಳದ ಸ್ಟುಡಿಯೊಕ್ಕೆ ಹೋದೆವು. ಅವನು ಕಾರ್ಡು ಹಾಕಿ ನೋಡಿ, “ಅಕ್ಕಾರ, ಇದರಾಗ ಕಣ್ಣು ಮುಚ್ಚ್ಯಾವಲ್ರಿ. ತೆರದದ್ದು ಇಲ್ಲೇನ್ರಿ?” ಎಂದ.

“ಮುಚ್ಚಿದ್ದ ಬೇಕ್ರಿ,” ಎಂದೆ.

ಅವನು ಕೆಲಸ ಶುರು ಮಾಡಿದ. ನನ್ನ ಎರಡು ರೆಪ್ಪೆಗಳು ಪರದೆಯ ಮೇಲೆ ಸರಿದು ಹೋಗಿ ಆ ಕಪ್ಪು ಕಣ್ಣುಗಳ ಮೇಲೆ ಕೂತವು. ಅಂಚುಗಳನ್ನು ಕೂಡಿಸುತ್ತ, “ಇಲ್ಲಿ ಸಣ್ಣ ಸುಕ್ಕು ಅದಾವ್ರಿ, ತೆಗೀತೇನಿ,” ಎಂದ.

“ಇರ್ಲಿ ಬಿಡಪ್ಪಾ,” ಎಂದಳು ಚಿಗವ್ವ. “ಹದಿನಾಕ ವರ್ಷ ಆತಲ್ಲ, ಆಕಿಗೂ ವಯಸ್ಸಾಗಿರತೈತಿ.”

ಕಂಪ್ಯೂಟರಿನವನು ಸುಕ್ಕುಗಳನ್ನು ಹಾಗೆಯೇ ಬಿಟ್ಟು ಪ್ರಿಂಟು ಹಾಕಿದ. ನಾನು ಬಾಗಿಲ ಹೊರಗೆ ಹೋಗಿ ನಿಂತೆ.

ನಿಲ್ದಾಣದಲ್ಲಿ ಬಾಗೇವಾಡಿಯ ಬಸ್ಸು ನಿಂತೇ ಇತ್ತು. ತಂಗಡಗಿಯ ಟಂಟಂ ಎದುರಿಗೆ. ಚಿಗವ್ವ ಹತ್ತಿ ಕೂತು, ಹೊಸ ಫೋಟೊವನ್ನು ತೊಡೆಯ ಮೇಲೆ ಅಂಗಾತ ಇಟ್ಟುಕೊಂಡು, ಧೂಳು ಬೀಳದಂತೆ ಅದರ ಮೇಲೆ ಸೆರಗು ಎಳೆದಳು. ನನ್ನ ಬಸ್ಸು ಮೊದಲು ಹೊರಟಿತು. ಕಿಟಕಿಯಿಂದ ಬಗ್ಗಿ, “ಬರ್ತೇನಿ ಚಿಗವ್ವಾ!” ಎಂದು ಜೋರಾಗಿ ಕೂಗಿದೆ.

ಚಿಗವ್ವ ತಟ್ಟನೆ ತಲೆ ಎತ್ತಿ, ತುಟಿಯ ಮೇಲೆ ಬೆರಳಿಟ್ಟಳು.