ಮಲ್ಕಪ್ಪ ಕಾಕಾರ ವಿಯೆನ್ನಾ

ಮಲ್ಕಪ್ಪ ಕಾಕಾರ ಪ್ರಕಾರ ಆಳಂದದ ಬಸ್ ಸ್ಟ್ಯಾಂಡೇ ವಿಯೆನ್ನಾದ ರೈಲು ನಿಲ್ದಾಣ. ದರ್ಗಾದ ಹಾದಿಯ ಕಮಾನು ಅಲ್ಲಿಯ ದೊಡ್ಡ ಚರ್ಚು, ತಹಶೀಲ್ ಕಚೇರಿ ಅರಮನೆ. ಭಾನುವಾರ ಬೆಳಿಗ್ಗೆ ಧೋತರ ಎತ್ತಿ ಕಟ್ಟಿ, ಬೆನ್ನಿಗೆ ಖಾಕಿ ಚೀಲ ಏರಿಸಿ ಅವರು ಅರಮನೆ ನೋಡಲು ಹೊರಡುತ್ತಿದ್ದರು. ಭಾರದ ರೂಢಿಯಾಗಲೆಂದು ಚೀಲದ ತುಂಬ ಜೋಳ. ಬೆನ್ನಿಗೊಂದು ಎದೆಗೊಂದು ಅಂಥದೇ ಚೀಲ ಹೊತ್ತು ಜೊತೆಗೆ ಹೊರಡುತ್ತಿದ್ದವನು ನಾನು.

ಬಸ್ ಸ್ಟ್ಯಾಂಡಿನ ಎದುರು ಅವರು ಟೈಪಿಂಗ್ ಕಲಿಸುತ್ತಿದ್ದರು. ನಾನು ಅಲ್ಲೇ ಸಾಲಿ ಮಾಸ್ತರ. ಎಂಬತ್ತರ ದಶಕ ಆಗಷ್ಟೇ ಸುರುವಾಗಿತ್ತು. ಯುರೋಪಿನ ಏಳೆಂಟು ಊರುಗಳಿಗೆ ಅವರು ನಕಾಶೆ ಕಳಿಸಿರೆಂದು ಟೈಪು ಮಾಡಿ ಕಾಗದ ಹಾಕಿದ್ದರು. ಉತ್ತರ ಬಂದದ್ದು ವಿಯೆನ್ನಾದಿಂದ ಮಾತ್ರ. ಅಂದಿನಿಂದ ಅದು ಅವರ ಊರಾಯಿತು. ತಿಂಗಳುಗಟ್ಟಲೆ ಬೆನ್ನಚೀಲ ಹೊತ್ತು ರೈಲಿನಲ್ಲಿ ತಿರುಗುವುದು, ವಿಯೆನ್ನಾದಲ್ಲಿ ಮೂರು ದಿನ ತಂಗುವುದು ಎಂದು ಠರಾವಾಯಿತು. ಉಳಿದ ದೇಶಗಳನ್ನು ಕಿಟಕಿಯಿಂದ ನೋಡಿದರೂ ನಡೆಯುತ್ತಿತ್ತು.

ಆ ಮೂರು ದಿನದ ಯೋಜನೆಯನ್ನು ಎಷ್ಟು ಸಲ ಟೈಪು ಮಾಡಿದರೋ! ಚರ್ಚು ಮೊದಲೋ ಅರಮನೆ ಮೊದಲೋ ಎಂಬುದಕ್ಕೇ ಒಂದು ಬೇಸಿಗೆ ಕಳೆಯಿತು. ಏನು ಬದಲಾದರೂ ಮೊದಲ ಸಾಲು ಬದಲಾಗಲಿಲ್ಲ: ‘ಸ್ಟೇಷನ್. ಸ್ನಾನ, ಲಿಂಗಪೂಜೆ.’ ಪೂಜೆ ಆಗದೆ ಅವರು ಗುಟುಕು ನೀರೂ ಕುಡಿಯುವವರಲ್ಲ.

“ಆ ಚಳಿಯೊಳಗ ಸ್ಟೇಷನ್ದಾಗ ಜಳಕ ಯಾರು ಮಾಡಸ್ತಾರ್ರೀ ಕಾಕಾ?” ಎಂದು ಕೆಣಕಿದೆ.

“ಊರಂದಮ್ಯಾಲ ಒಂದು ನಳ ಇರ್ತದಲೇ. ನೀ ರೊಟ್ಟಿ ಲೆಕ್ಕಾ ಹಾಕು,” ಎಂದರು.

ಊಟಕ್ಕೆ ತಿಂಗಳುಗಟ್ಟಲೆ ಕೆಡದ ಕಟಕ ರೊಟ್ಟಿ, ಶೇಂಗಾ ಹಿಂಡಿ. ಎರಡನೆಯ ದಿನ ಮಧ್ಯಾಹ್ನ ಅರಮನೆ ತೋಟದ ಬೆಂಚಿನ ಮೇಲೆ ಕೂತು ತಿನ್ನುವುದೆಂದು ಅದೂ ಟೈಪಾಗಿತ್ತು.

ಭಾನುವಾರದ ತಾಲೀಮಿನಲ್ಲಿ ನಾನು ಯಾವಾಗಲೂ ಮುಂದೆ. ಅವರ ಎಡಗಾಲಿನ ಮೊಳಕಾಲು ಬಾತಿರುತ್ತಿತ್ತು. ಕಮಾನಿನ ಕೆಳಗೆ ನಿಂತು ಗಡಿಯಾರ ನೋಡುತ್ತಿದ್ದೆ. ಅವರು ಏದುಸಿರು ಬಿಡುತ್ತ ಬರುವಷ್ಟರಲ್ಲಿ, “ಚರ್ಚು ಭಾಳ ಛಂದ ಅದರೀ ಕಾಕಾ, ನಾ ಎಲ್ಲಾ ನೋಡಿ ಮುಗಿಸೇನಿ,” ಎನ್ನುತ್ತಿದ್ದೆ. ಅವರು ನಗುತ್ತಿದ್ದರು. ನಕ್ಕರೆಂದೇ ನಾನು ತಿಳಿದಿದ್ದೆ.

ಹೀಗೆ ಹತ್ತು ವರ್ಷ ಕಳೆದು, ಹೊರಡುವುದೇ ಸೈ ಎಂದು ನಿಶ್ಚಯವಾದ ವರ್ಷ ನನಗೆ ಯಡ್ರಾಮಿಗೆ ಹೆಡ್‌ಮಾಸ್ತರಿಕೆ ಬಂತು. ಹೋದರೆ ಉದ್ದನೆಯ ರಜೆ ಸಿಗುವುದಿಲ್ಲವೆಂದು ಬೇಡವೆಂದು ಬರೆದುಕೊಟ್ಟೆ. ಹೆಂಡತಿ ನೀಲಮ್ಮ ಎರಡು ದಿನ ಮಾತು ಬಿಟ್ಟಳು. ಪಾಸ್‌ಪೋರ್ಟಿನ ಅರ್ಜಿಗಳನ್ನು ಕಾಕಾರೇ ಟೈಪು ಮಾಡಿದರು, ನಾನು ಸಹಿ ಹಾಕಿ ಫೋಟೋ ಕೊಟ್ಟೆ. ಎರಡನ್ನೂ ಕೂಡಿಯೇ ಅಂಚೆಗೆ ಹಾಕುತ್ತೇನೆಂದರು. ಅವರದು ಬಂತು, ನನ್ನದು ಬರಲಿಲ್ಲ.

“ಸರ್ಕಾರದ ಕೆಲಸ ಮಾಸ್ತರ್, ಹಿಂದಮುಂದ ಆಗ್ತದ. ವೀಸಾ, ಟಿಕೇಟ್ ನೋಡ್ಲಿಕ್ಕ ನಾ ಮೊದಲ ಮುಂಬೈಗೆ ಹೋಗಿರ್ತೇನಿ. ನಿನ್ನ ಪಾಸ್‌ಪೋರ್ಟ್ ಬೆಂಗಳೂರಿಂದ ಅಲ್ಲಿಗೇ ತರಸ್ತೇನಿ. ತಾರ ಬಂದ ಕೂಡ್ಲೆ ಗಾಡಿ ಹತ್ತು,” ಎಂದರು.

ನೀಲಮ್ಮ ಸಿಟ್ಟು ಮರೆತು ನಾಲ್ಕು ದಿನ ಒಲೆ ಮುಂದೆ ಕೂತು ಇಬ್ಬರಿಗೂ ರೊಟ್ಟಿ ಬಡಿದಿದ್ದಳು. “ಮಾಸ್ತರ್ ಚೀಲದಾಗ ಪುಡಿ ಆಗ್ತಾವ ತಂಗಿ, ನನ್ನ ಕಡೆ ಕೊಡು,” ಎಂದು ಗಂಟು ಪೂರಾ ಅವರೇ ಒಯ್ದರು. ಟೈಪಿಂಗ್ ಖೋಲಿಯ ಕೀಲಿ ನನ್ನ ಕೈಗಿಟ್ಟರು.

ಅವರ ತಂತಿಯ ದಾರಿ ಕಾಯುತ್ತ ದಿನಾ ಅಂಚೆ ಕಚೇರಿಯ ಕಟ್ಟೆಯ ಮೇಲೆ ಕೂತೆ. ಚೀಲ ಕಟ್ಟಿಯೇ ಇತ್ತು. ಮೂರನೆಯ ವಾರ ಬಂದದ್ದು ಚಿತ್ರದ ಕಾರ್ಡು, ದೊಡ್ಡ ಚರ್ಚಿನದು. ಹಿಂದೆ ಅವರ ಅಕ್ಷರ: ‘ನಮ್ಮ ನಕಾಶೆ ತಪ್ಪಿಲ್ಲ. ಸ್ಟೇಷನ್ದಾಗ ನಳ ಅದ. ರೊಟ್ಟಿ ಒಂದೂ ಮುರದಿಲ್ಲ ಅಂತ ತಂಗಿಗೆ ಹೇಳು.’

ನೀಲಮ್ಮ ಕಾರ್ಡನ್ನು ತಿರುವಿ ನೋಡಿದಳು. “ನಿಮ್ಮ ಪಾಲಿಂದೂ ತಿಂದಿರಬೇಕು,” ಎಂದಳು.

ಅಂದು ಸಂಜೆ ಟೈಪಿಂಗ್ ಖೋಲಿಗೆ ಹೋಗಿ ಮೇಜಿನ ಖಾನೆ ಎಳೆದೆ. ನನ್ನ ಅರ್ಜಿ ಅಲ್ಲೇ ಇತ್ತು, ನನ್ನ ಫೋಟೋ ಸಮೇತ. ಅದನ್ನು ಅಂಚೆಗೇ ಹಾಕಿರಲಿಲ್ಲ. ಕೀಲಿ ನನ್ನ ಕೈಯಲ್ಲೇ ಕೊಟ್ಟು ಹೋಗಿದ್ದರಲ್ಲ, ಆ ಧೈರ್ಯಕ್ಕೆ ನನ್ನ ಮೈ ಉರಿಯಿತು.

ಊರಿಗೆ ಮರಳಿದ ಮೇಲೆ ಅವರೇ ಸಾಲಿಯ ಗೇಟಿಗೆ ಬಂದರು. ಕೈಯಲ್ಲಿ ಚಾಕಲೇಟಿನ ಡಬ್ಬಿ ಇತ್ತು. ನಾನು ಮುಟ್ಟಲಿಲ್ಲ.

“ಯಾಕ್ರೀ ಕಾಕಾ?” ಎಂದಷ್ಟೇ ಕೇಳಿದೆ.

ಚಾಚಿದ ಡಬ್ಬಿಯನ್ನು ಹಿಂದಕ್ಕೆಳೆದುಕೊಂಡರು. “ಹತ್ತು ವರ್ಷ ಕಾಯ್ದ ಊರದು ಮಾಸ್ತರ್. ಅಲ್ಲೀನೂ ನಿನ್ನ ಬೆನ್ನ ನೋಡ್ಕೋತ ಹೋಗಬೇಕಿತ್ತೇನು? ನಾ ಮುಟ್ಟೂದರಾಗ ನೀ ನೋಡಿ ಮುಗಿಸಿರ್ತಿದ್ದಿ.”

“ನಿಲ್ಲಲೇ ಅಂತ ಒಮ್ಮಿ ಅಂದಿದ್ರ ನಿಲ್ತಿದ್ದೆನಲ್ರೀ.”

ಅವರು ಡಬ್ಬಿಯನ್ನು ಗೇಟಿನ ಕಂಬದ ಮೇಲಿಟ್ಟು ಕುಂಟುತ್ತ ಹೋದರು. ಆಮೇಲೆ ನಾವು ಮಾತಾಡಲಿಲ್ಲ. ನಾನು ನರೋಣಾಕ್ಕೆ ವರ್ಗ ಮಾಡಿಸಿಕೊಂಡೆ.

ಎಂಟು ವರ್ಷದ ಮೇಲೆ ಕಾಕಾ ತೀರಿದ ಸುದ್ದಿ ಬಂತು. ಹೋಗಬಾರದೆಂದುಕೊಂಡೇ ಬಸ್ಸು ಹತ್ತಿದೆ. ಆಳಂದದಲ್ಲಿ ಇಳಿಯುವಷ್ಟರಲ್ಲಿ ಭಜನೆಯವರ ಹಿಂದೆ ಹೂವು ಕಟ್ಟಿದ ಶವಯಾತ್ರೆಯ ವಿಮಾನ ಹೊರಟಿತ್ತು. ಅದರಲ್ಲಿ ಹಣೆತುಂಬ ವಿಭೂತಿಯ ಕಾಕಾ ನೆಟ್ಟಗೆ ಕೂತಿದ್ದರು. ಹಿಂದಿನ ಜನದಲ್ಲಿ ನಾನೂ ಸೇರಿಕೊಂಡೆ. ಸಿಟ್ಟು ಆರಿರಲಿಲ್ಲ, ಈಗಲೂ ಪೂರಾ ಆರಿಲ್ಲ. ಕಮಾನಿನ ಹತ್ತಿರ ಹೆಗಲು ಬದಲಿಸಲು ಹೊತ್ತವರು ನಿಂತರು. ಹಳೆಯ ರೂಢಿಗೆ ನನ್ನ ಕಾಲು ಕಾಕಾರನ್ನು ದಾಟಿ ಮುಂದೆ ಹೋಗುವುದರಲ್ಲಿತ್ತು.

ನಿಂತುಕೊಂಡೆ.